ಅತ್ತೆ ಒಡೆದ ಫೋನು

ಹತ್ತು ತಿಂಗಳು ತುಂಬಿದ ದಿನವೇ ನನ್ನ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ಜುಲೈ ತಿಂಗಳು, ಬಸವೇಶ್ವರನಗರದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಫೋನನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಶರ್ಟಿನೊಳಗೆ ಬನಿಯನ್ನಿಗೆ ಒತ್ತಿ ಹಿಡಿದುಕೊಂಡು ರಾಜಾಜಿನಗರದ ಸರ್ವೀಸ್ ಸೆಂಟರಿಗೆ ಹೋದೆ. ನನ್ನ ಮಗನನ್ನು ಪೋಲಿಯೋ ಹನಿ ಹಾಕಿಸಲು ಒಯ್ದಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ ಎಂದು ಮನೆಯಾಕೆ ಈಗಲೂ ಆಡಿಕೊಳ್ಳುತ್ತಾಳೆ.

ಒಂದೂವರೆ ಗಂಟೆಯ ನಂತರ ನನ್ನ ಟೋಕನ್ ಕೂಗಿದರು. ಕೌಂಟರಿನ ಹುಡುಗ ಸಿಮ್ ಟ್ರೇ ಎಳೆದು, ಆ ಸಂದಿಗೆ ಟಾರ್ಚ್ ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕಿದ.

"ಸರ್, ನೀರು ಬಿದ್ದಿತ್ತಾ?"

"ಇಲ್ಲಪ್ಪ."

"ಸ್ವಲ್ಪ ನೆನಪು ಮಾಡ್ಕೊಳ್ಳಿ ಸರ್."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಕಷ್ಟ ನನಗೆ ಅರ್ಥವಾದದ್ದು ಆಗಲೇ. ಅವನು ಕುಂಬಳಕಾಯಿ ಕದ್ದಿರಲೇ ಇಲ್ಲವೇನೋ, ಪಾಪ, ಯಾರೋ ಹಾಗೆ ಕೇಳಿದ್ದಕ್ಕೆ ಗಾಬರಿಯಾಗಿರಬೇಕು. ನಾನೂ ಹೆಗಲು ತಡಕಿಕೊಂಡೆ. ಇಡ್ಲಿ ಕುಕ್ಕರಿನ ಪಕ್ಕ ಇಟ್ಟಿದ್ದೆನೇ? ಬಚ್ಚಲುಮನೆಯ ಕಿಟಕಿಯಲ್ಲಿ ಸುಪ್ರಭಾತ ಹಾಡಿಸಿದ್ದು ತಪ್ಪಾಯಿತೇ? ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸೊಂದು ವೃಷಭಾವತಿಯನ್ನೇ ಮೈಮೇಲೆ ಎರಚಿದ ದಿನ ಫೋನು ಯಾವ ಜೇಬಿನಲ್ಲಿತ್ತು?

"ಸ್ಟಿಕ್ಕರ್ ಕೆಂಪಾಗಿದೆ ಸರ್. ಲಿಕ್ವಿಡ್ ಡ್ಯಾಮೇಜ್. ವಾರಂಟಿ ಬರಲ್ಲ. ಬೋರ್ಡ್ ಚೇಂಜ್ ಮಾಡ್ಬೇಕು, ಹದಿನೆಂಟು ಸಾವಿರ ಆಗುತ್ತೆ."

ಫೋನಿನ ಬೆಲೆ ಇಪ್ಪತ್ತನಾಲ್ಕು ಸಾವಿರ.

ನನ್ನ ದುಡ್ಡಿನ ಫೋನಿನೊಳಗೆ ನನ್ನ ಮೇಲೆ ಚಾಡಿ ಹೇಳಲು ಒಬ್ಬನನ್ನು ಕೂರಿಸಿದ್ದಾರೆ ಎಂದು ನನಗೆ ಗೊತ್ತಾದದ್ದು ಹೀಗೆ. ಅಕ್ಕಿಕಾಳಿನಷ್ಟು ಬಿಳಿ ಸ್ಟಿಕ್ಕರು, ಅದರ ಅಡಿಯಲ್ಲಿ ಬಣ್ಣದ ಪದರ. ನೀರು ತಾಕಿದರೆ ಬಣ್ಣ ಕರಗಿ ಮೇಲಕ್ಕೆ ಹಬ್ಬುತ್ತದೆ, ಬಿಳಿ ಕೆಂಪಾಗುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಬಿಳಿಯಾಗುವುದಿಲ್ಲ. ಎಸ್ಸೆಸ್ಸೆಲ್ಸಿಯ ಲಿಟ್ಮಸ್ ಕಾಗದವಾದರೂ ಕೆಂಪಾದದ್ದು ಮತ್ತೆ ನೀಲಿಯಾಗುತ್ತಿತ್ತು, ಅದಕ್ಕೆ ಕ್ಷಮಾಗುಣವಿತ್ತು. ತೇವ ಯಾವಾಗ ತಾಕಿತು, ನನ್ನ ಕೈಯಲ್ಲೋ, ಗೋಡೌನಿನಲ್ಲೋ, ಲಾರಿಯಲ್ಲೋ ಎಂಬುದನ್ನು ಈ ಸ್ಟಿಕ್ಕರು ಹೇಳುವುದಿಲ್ಲ. ಆ ತೇವದಿಂದಲೇ ಚಾರ್ಜಿಂಗ್ ಕೆಟ್ಟಿತೇ ಎಂಬುದನ್ನಂತೂ ಹೇಳುವುದೇ ಇಲ್ಲ. ಆದರೂ ತೀರ್ಪು ಬಂದಾಯಿತು. ಸಾಕ್ಷಿಯನ್ನು ನೇಮಿಸಿದವರು ಅವರು, ಟಾರ್ಚ್ ಬಿಟ್ಟು ಅದರ ಹೇಳಿಕೆ ಓದಿದವರು ಅವರು, ತೀರ್ಪು ಕೊಟ್ಟವರೂ ಅವರೇ. ನನ್ನ ಪಾತ್ರ ಹದಿನೆಂಟು ಸಾವಿರ ಕೊಡುವುದು.

ಚಿತ್ರಗುಪ್ತ ಕೂಡ ಇದಕ್ಕಿಂತ ವಾಸಿ. ಅವನ ಕಡತದಲ್ಲಿ ಪುಣ್ಯಕ್ಕೂ ಒಂದು ಕಾಲಂ ಇದೆಯಂತೆ. ಹತ್ತು ತಿಂಗಳು ಟೆಂಪರ್ಡ್ ಗ್ಲಾಸ್ ಅಂಟಿಸಿ, ಫ್ಲಿಪ್ ಕವರ್ ತೊಡಿಸಿ, ರಾತ್ರಿಯಿಡೀ ಚಾರ್ಜಿಗೆ ಹಾಕದೆ ಸಾಕಿದ ನನ್ನ ಪುಣ್ಯಕ್ಕೆ ಹಸಿರಾಗುವ ಸ್ಟಿಕ್ಕರು ಫೋನಿನಲ್ಲಿ ಎಲ್ಲೂ ಇಲ್ಲ. ಕಾರ್ಖಾನೆಯಲ್ಲಿ ಬೆಸುಗೆ ಸಡಿಲ ಬಿದ್ದರೆ ಕೆಂಪಾಗುವ ಸ್ಟಿಕ್ಕರೂ ಇಲ್ಲ. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆಯನ್ನು ನಮ್ಮಜ್ಜಿ ಹೇಳುವಾಗ ಅಡುಗೆಮನೆಯ ಮಾತು ಅಂದುಕೊಂಡಿದ್ದೆ. ಅದು ವಾರಂಟಿ ಕಾರ್ಡಿನ ಹಿಂಬದಿಯ ಷರತ್ತು.

ಕಂಪನಿಗಳ ಸಂಶಯ ಸುಳ್ಳು ಅಂತಲ್ಲ. ನನ್ನ ಷಡ್ಡಕ ಕಮೋಡಿಗೆ ಬೀಳಿಸಿದ ಫೋನನ್ನು ಮೂರು ದಿನ ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ನಾಲ್ಕನೆಯ ದಿನ ಸರ್ವೀಸ್ ಸೆಂಟರಿಗೆ ಹೋಗಿ "ತಾನಾಗೇ ಆಫ್ ಆಯ್ತು" ಎಂದು ತಾಯಾಣೆ ಇಟ್ಟವನು. (ಆ ವಾರ ಅವನ ಮನೆಯಲ್ಲಿ ನಾವು ಊಟ ಮಾಡಿದ್ದೆವು. ಯಾವ ಡಬ್ಬದ ಅಕ್ಕಿ ಎಂದು ಈವರೆಗೆ ಕೇಳುವ ಧೈರ್ಯ ಬಂದಿಲ್ಲ.) ಇಂಥವರಿಗಾಗಿಯೇ ಆಪಲ್ ಕಂಪನಿ ನೀರು, ಬಿಸಿ, ಪೆಟ್ಟು, ಬಿಚ್ಚಾಟ ಎಲ್ಲವನ್ನೂ ಪತ್ತೆಹಚ್ಚುವ ಸಲಕರಣೆಗೆ ಪೇಟೆಂಟ್ ಅರ್ಜಿ ಹಾಕಿತ್ತು. 2009ರಲ್ಲಿ ಪ್ರಕಟವಾದ ಆ ಅರ್ಜಿಯ ಶೀರ್ಷಿಕೆಯಲ್ಲೇ 'ಗ್ರಾಹಕರ ದುರ್ಬಳಕೆ' ಎಂದಿದೆ. ಕಂಪನಿಯ ದುರ್ಬಳಕೆ ಪತ್ತೆಹಚ್ಚಲು ಯಾರೂ ಅರ್ಜಿ ಹಾಕಿದಂತಿಲ್ಲ.

ಅದೇ ಆಪಲ್ 2013ರಲ್ಲಿ, ಕೆಂಪು ಸ್ಟಿಕ್ಕರು ತೋರಿಸಿ ವಾರಂಟಿ ನಿರಾಕರಿಸಿದ ಪ್ರಕರಣವನ್ನು ಅಮೆರಿಕದಲ್ಲಿ 5.3 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಸ್ಟಿಕ್ಕರಿನ ಟೇಪ್ ತಯಾರಿಸಿದ 3ಎಂ ಕಂಪನಿಯೇ, ನೀರು ಬೀಳದಿದ್ದರೂ ಗಾಳಿಯ ತೇವಕ್ಕೆ ಅದು ನಸುಗೆಂಪಾಗಬಹುದು ಎಂದುಬಿಟ್ಟಿತ್ತು. ಗಾಳಿಯ ತೇವ! ಬಟ್ಟೆ ಒಗೆದು ಹರವಿದರೆ ಮೂರು ದಿನಕ್ಕೂ ಒಣಗದ ನಮ್ಮ ಜುಲೈಯನ್ನು ಆ ವಕೀಲರು ಕಂಡಿದ್ದರೆ ಇನ್ನೆರಡು ಕೋಟಿ ಹೆಚ್ಚಿಗೆ ಕೇಳುತ್ತಿದ್ದರು.

ಇನ್ನೊಂದು ಕಡೆ ಜಾಹೀರಾತು. ಅಲ್ಲಿ ಫೋನು ಈಜುಕೊಳದಲ್ಲಿ ಮುಳುಗುತ್ತದೆ, ಸಮುದ್ರದಲ್ಲಿ ಏಳುತ್ತದೆ, ಮಳೆಯಲ್ಲಿ ಹೀರೋಯಿನ್ ಜೊತೆ ನೆನೆಯುತ್ತದೆ. ಡಬ್ಬದ ಮೇಲೆ ನೀರು ತಡೆಯುತ್ತದೆ ಎನ್ನುವ ಐಪಿ68 ಮುದ್ರೆ. ಡಬ್ಬದೊಳಗಿನ ಕಾಗದದಲ್ಲಿ, ಇರುವೆ ಅಕ್ಷರದಲ್ಲಿ, ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂಬ ಸಾಲು. ಈಜು ಬರುತ್ತದೆ ಎಂದು ಹೇಳಿ ಮದುವೆ ಮಾಡಿಸಿ, ಕೆರೆಗೆ ಇಳಿಸಿದ್ದು ನಿಮ್ಮದೇ ತಪ್ಪು ಅಂದಹಾಗೆ. ಇಟಲಿಯವರು 2020ರಲ್ಲಿ ಇದಕ್ಕಾಗಿ ಆಪಲ್‌ಗೆ ಒಂದು ಕೋಟಿ ಯೂರೋ ದಂಡ ಹಾಕಿದರು. ಆಸ್ಟ್ರೇಲಿಯಾದ ಕೋರ್ಟು 2022ರಲ್ಲಿ ಸ್ಯಾಮ್‌ಸಂಗ್‌ಗೆ ಅಲ್ಲಿನ 1.4 ಕೋಟಿ ಡಾಲರ್ ದಂಡ ಹಾಕಿತು.

ನಮ್ಮೂರೇನೂ ಕಡಿಮೆಯಿಲ್ಲ. 2021ರ ಅಕ್ಟೋಬರಿನಲ್ಲಿ ಐಫೋನ್ 13 ಕೊಂಡ ಬೆಂಗಳೂರಿನವರೊಬ್ಬರ ಫೋನಿನ ಬ್ಯಾಟರಿ, ಸ್ಪೀಕರು ವರ್ಷ ತುಂಬುವ ಮೊದಲೇ ಕೈಕೊಟ್ಟವು. ಇಂದಿರಾನಗರದ ಸರ್ವೀಸ್ ಸೆಂಟರಿನವರು ಮೊದಲು ಸರಿಯಾಗಿದೆ ಅಂದರು, ಆಮೇಲೆ ಜಾಲರಿಯಲ್ಲಿ ಗೋಂದಿನಂಥದ್ದು ಸಿಕ್ಕಿದೆ, ಆದ್ದರಿಂದ ವಾರಂಟಿ ಇಲ್ಲ ಅಂದರು. ನೀರಲ್ಲ, ಗೋಂದು! ಗ್ರಾಹಕ ಆಯೋಗ ಅದಕ್ಕೆ ಅಂಟಿಕೊಳ್ಳಲಿಲ್ಲ. 79,900 ರೂಪಾಯಿ ಬಡ್ಡಿ ಸಮೇತ ಕೊಡಿ, ಮೇಲೆ 20,000 ಪರಿಹಾರ ಕೊಡಿ ಎಂದಿತು. ಗೋಂದು ಎಲ್ಲಿಂದ ಬಂತು ಎಂದು ಅಷ್ಟು ದೂರ ಹೋಗಿ ಕೇಳುವ ತಾಳ್ಮೆ ಎಷ್ಟು ಜನಕ್ಕಿದೆ ಎಂಬ ಲೆಕ್ಕದ ಮೇಲೇ ಈ ವ್ಯಾಪಾರ ನಿಂತಿರುವುದು.

ಕೇಳುವ ದಾರಿ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ವರ್ಷ, ಮರೆಯುವ ಹಾಗಿಲ್ಲ. (ಕೆಟ್ಟಿರುವುದೇ ಫೋನು ಎಂಬುದನ್ನು ಪಕ್ಕದ ಮನೆಯವರ ದಯೆಗೆ ಬಿಡೋಣ.) ವಸ್ತುವಿಗೆ ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಕಲಮಿನ ಪ್ರಕಾರ ಆಯೋಗವು ವಸ್ತುವನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ವರದಿಗೆ 45 ದಿನ. ಅಂದರೆ ಕಾನೂನಿನ ಕಣ್ಣಿಗೆ ಪರೀಕ್ಷೆ ಎಂದರೆ ಮೂರನೆಯವರು ಮಾಡುವಂಥದ್ದು. ಕೌಂಟರಿನ ಹುಡುಗ ಒಂದು ಕಣ್ಣು ಮುಚ್ಚಿ ನಾಲ್ಕು ಸೆಕೆಂಡಿನಲ್ಲಿ ಮುಗಿಸುವಂಥದ್ದಲ್ಲ.

ಅವನನ್ನು ಬೈದು ಫಲವಿಲ್ಲ, ಅವನ ಕೆಲಸಕ್ಕೆ ವಾರಂಟಿ ನನ್ನ ಫೋನಿಗಿಂತ ಕಡಿಮೆ.

ವಿಜಯನಗರದ ನನ್ನ ಗೆಳೆಯನದು ಇನ್ನೊಂದು ಕತೆ. ಅವನ ವಾಷಿಂಗ್ ಮೆಷಿನ್ನಿನ ಬೋರ್ಡಿನ ಮೇಲೆ ಹಲ್ಲಿಯೊಂದು ಪ್ರಾಣ ಬಿಟ್ಟಿತ್ತು. ಇಲಿ, ಹಲ್ಲಿ, ಜಿರಳೆಗಳಿಂದಾದ ಹಾನಿಗೆ ವಾರಂಟಿ ಇಲ್ಲವಂತೆ. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಪಂಚಾಂಗದಲ್ಲಿ ಪಟ್ಟಿಯೇ ಇರುತ್ತದೆ. ಬೋರ್ಡಿನ ಮೇಲೆ ಬಿದ್ದರೆ ಧನಹಾನಿ ಎಂದು ಇನ್ನು ಮುಂದೆ ಸೇರಿಸಬೇಕು. ಹಲ್ಲಿಗೆ ಒಳಗೆ ಹೋಗಲು ಅಷ್ಟಗಲ ಕಿಂಡಿ ಬಿಟ್ಟವರು ಯಾರು ಎಂಬ ಪ್ರಶ್ನೆ ಪಂಚಾಂಗದಲ್ಲೂ ಇಲ್ಲ, ಕಾರ್ಡಿನಲ್ಲೂ ಇಲ್ಲ.

ನಾನು ಫೋನನ್ನು ಮತ್ತೆ ಬನಿಯನ್ನಿಗೆ ಒತ್ತಿಕೊಂಡು ಮಾಗಡಿ ರಸ್ತೆಗೆ ಇಳಿದೆ. ಕಾಮಾಕ್ಷಿಪಾಳ್ಯದಲ್ಲಿ ಮೆಟ್ಟಿಲಿನ ಅಡಿ ಒಂದು ರಿಪೇರಿ ಅಂಗಡಿ ಇದೆ. ಅಂಗಡಿಯವನು ಫೋನು ಬಿಚ್ಚಿ (ಬಿಚ್ಚಿದ್ದೂ ದುರ್ಬಳಕೆಯೇ, ಹೇಗೂ ಪಾಪಿಯಾಗಿದ್ದೇನೆ) ಭೂತಗನ್ನಡಿಯಲ್ಲಿ ನೋಡಿದ.

"ನೀರಿನ ಗುರುತೇ ಇಲ್ಲ ಸಾರ್. ಚಾರ್ಜಿಂಗ್ ಪಿನ್ ಬೆಸುಗೆ ಬಿಟ್ಟಿದೆ. ಮುನ್ನೂರೈವತ್ತು ಕೊಡಿ."

"ಮತ್ತೆ ಆ ಸ್ಟಿಕ್ಕರು ಯಾಕಪ್ಪ ಕೆಂಪಾಯ್ತು?"

ಅವನು ನಕ್ಕು ಡ್ರಾಯರ್ ಎಳೆದ. "ಹೊಸದು ಅಂಟಿಸಿ ಕೊಡ್ತೀನಿ ಬಿಡಿ ಸಾರ್, ಇದೂ ಮಾರ್ಕೆಟ್ಟಲ್ಲಿ ಸಿಗುತ್ತೆ." ಒಂದು ಹಾಳೆಯ ತುಂಬ ಅಕ್ಕಿಕಾಳಿನಂಥ ನೂರು ಸ್ಟಿಕ್ಕರು, ಯಾವ ಫೋನಿನೊಳಗೂ ಹೋಗಿರದ, ಯಾರ ಕೈಯಿಂದಲೂ ಯಾವ ಕಮೋಡಿಗೂ ಬಿದ್ದಿರದ ಸ್ಟಿಕ್ಕರು. ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಅರ್ಧಕ್ಕರ್ಧ ಆಗಲೇ ನಸುಗೆಂಪು.

"ಥತ್, ಈ ಮಳೆ," ಎನ್ನುತ್ತ, ಚಿಮಟದ ತುದಿಯಿಂದ ಬಿಳಿಯದೊಂದನ್ನು ಹುಡುಕತೊಡಗಿದ.