ಎರಡು ಬೆರಳಿನ ಷಡ್ಡಕ

ಷಡ್ಡಕನನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟು ಕೇಸರಿಬಾತಿನ ಗಲಾಟೆಯ ನಡುವೆ ಒಬ್ಬ ಮನುಷ್ಯ ಮೂಲೆಯ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿರುತ್ತಾನೆ. ನೀವು ಅವನ ಕಡೆ ಸರಿಯಾಗಿ ನೋಡುವುದೂ ಇಲ್ಲ. ಮೂವತ್ತೈದು ವರ್ಷ ಕಳೆದ ಮೇಲೆ ಅವನೇ ನಿಮ್ಮ ಮನೆಯ ಬಚ್ಚಲಲ್ಲಿ ಬೆಳಗಿನ ಐದೂವರೆಯಿಂದ ಆರೂಕಾಲರವರೆಗೆ ಚಿಲಕ ಹಾಕಿಕೊಂಡಿರುತ್ತಾನೆ, ನೀವು ಹೊರಗೆ ಟವಲು ಹೆಗಲಿಗೆ ಹಾಕಿಕೊಂಡು ನಿಂತಿರುತ್ತೀರಿ.

ನಮ್ಮ ಷಡ್ಡಕರು ಚಾಮರಾಜನಗರದಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ಮ್ಯಾನೇಜರು. ನಿವೃತ್ತರಾದ ಬ್ಯಾಂಕಿನವರಿಗೆ ಸಾಮಾನ್ಯವಾಗಿ ಮೂರೇ ದಾರಿ: ಷೇರು, ಷುಗರು, ಶಿರಡಿ. ಇವರು ನಾಲ್ಕನೆಯದೊಂದನ್ನು ಹುಡುಕಿಕೊಂಡರು. ಚರ್ಮ. ಕೆನ್ನೆಯ ಮೇಲೆ ಕಪ್ಪು ಕಲೆಯೊಂದು ಎದ್ದಿತೆಂದು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದರಂತೆ. ಮೊಮ್ಮಗಳ ವಯಸ್ಸಿನ ಆ ಡಾಕ್ಟರು, "ಅಂಕಲ್, ಇಷ್ಟು ವರ್ಷ ಸನ್‌ಸ್ಕ್ರೀನ್ ಹಚ್ಚಿದ್ದೀರಾ?" ಎಂದು ಕೇಳಿದಳಂತೆ. ಇಡೀ ಸರ್ವೀಸಿನಲ್ಲಿ ಒಂದು ಆಡಿಟ್ ಆಕ್ಷೇಪಣೆಯನ್ನೂ ಬಾಕಿ ಉಳಿಸದ ಮನುಷ್ಯ. ಅರವತ್ತನೆಯ ವಯಸ್ಸಿನಲ್ಲಿ ಸ್ವಂತ ಮುಖದ ಮೇಲೇ ಆಕ್ಷೇಪಣೆ ಬಂದರೆ ತಡೆಯುವುದು ಹೇಗೆ?

ಅಂದಿನಿಂದ ಅವರ ಮಾತೆಲ್ಲ ಚರ್ಮದ ಲೆಡ್ಜರು. "ಬಿಸಿಲು ಕೈಸಾಲ ಅಲ್ಲ ಮೇಷ್ಟ್ರೇ, ಚಕ್ರಬಡ್ಡಿ. ಇಪ್ಪತ್ತರಲ್ಲಿ ಎತ್ತಿದ ಸಾಲಕ್ಕೆ ಅರವತ್ತರಲ್ಲಿ ನೋಟೀಸು ಬರುತ್ತೆ." ನಮ್ಮಂಥ ಕಂದುಬಣ್ಣದವರಿಗೆ ಮೆಲನಿನ್ ಇದೆಯಲ್ಲ, ಅದೇ ಕಾಯುತ್ತದಲ್ಲ ಎಂದೆ. "ಜಾಮೀನುದಾರ ಗಟ್ಟಿ ಇದ್ದಾನೆ ಅಂತ ಸಾಲ ಮಾಡ್ತೀರಾ?" ಎಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು, ಪಾಠ ಹೇಳುವವರು ಅವರು.

ನೆಂಟರಿಷ್ಟರಿಗೆ ಮಾತ್ರ ಇದು ಬೇರೆಯೇ ಕಂಡಿತು. 2020ರಲ್ಲಿ ಆ ಪ್ರಸಿದ್ಧ ಕ್ರೀಮಿನ ಹೆಸರಿನಿಂದ 'ಫೇರ್' ಎಂಬ ಪದ ಉದುರಿಹೋದರೂ ನಮ್ಮ ಜನರ ತಲೆಯಿಂದ ಉದುರಿಲ್ಲ. "ಮುಖಕ್ಕೆ ಏನೋ ಹಚ್ಕೋತಾರಂತೆ. ಈ ವಯಸ್ಸಲ್ಲಿ ಬೆಳ್ಳಗಾಗಿ ಯಾರನ್ನ ನೋಡೋಕೆ ಹೋಗ್ತಾರೆ?" ಎಂದು ಚಿಕ್ಕಮ್ಮ ಒಬ್ಬರು ನನ್ನಾಕೆಯ ಕಿವಿಯಲ್ಲಿ ಕೇಳಿದ್ದೂ ಆಯಿತು.

ಅವರ ಧರ್ಮಕ್ಕೆ ಮೂಲಮಂತ್ರ ಎರಡು ಬೆರಳು. ತೋರುಬೆರಳು, ನಡುಬೆರಳು. ಎರಡರ ಉದ್ದಕ್ಕೂ ಬುಡದಿಂದ ತುದಿಯವರೆಗೆ ಸನ್‌ಸ್ಕ್ರೀನಿನ ಒಂದೊಂದು ಗೆರೆ ಎಳೆದರೆ ಮುಖ ಮತ್ತು ಕತ್ತಿಗೆ ಸರಿಯಾದ ಅಳತೆ. "30 ನಂಬರಿನದು ಯುವಿಬಿ ಕಿರಣವನ್ನು ಸುಮಾರು 97 ಪರ್ಸೆಂಟ್ ತಡೆಯುತ್ತೆ, 50ರದ್ದು 98. ಆದ್ರೆ ನೀವು ತೀರ್ಥ ತಗೊಂಡ ಹಾಗೆ ಒಂದು ತೊಟ್ಟು ಹಚ್ಕೊಂಡ್ರೆ 30ಊ ಇಲ್ಲ, 50ಊ ಇಲ್ಲ." ಬಿಸಿಲಲ್ಲಿ ತಿರುಗುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದಕ್ಕೆ ಮೊಬೈಲಿನಲ್ಲಿ ಅಲಾರಮ್.

ಈ ಅಲಾರಮ್ಮಿನ ಮಹಿಮೆ ಗೊತ್ತಾದದ್ದು ಬೆಂಗಳೂರಿನ ಒಂದು ಮದುವೆಯಲ್ಲಿ. ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ತಂಗಿದ್ದರು. ಮೈಸೂರಿನಿಂದ ಮೊದಲ ಬಸ್ಸು. "ಎಡಗಡೆ ಸೀಟೇ ಬೇಕು. ಬೆಳಿಗ್ಗೆ ಹೋಗುವಾಗ ಬಿಸಿಲು ಬಲಕ್ಕೆ, ಸಂಜೆ ಬರುವಾಗಲೂ ಬಲಕ್ಕೆ" ಎಂದರು. ಲೆಕ್ಕ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು, ಅದೇ ಬೇಜಾರು. ಬಸ್ಸಿನಲ್ಲಿ ಕೂತ ಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಮೊಮ್ಮಗನ ಚೌಲಕ್ಕೂ ಧರ್ಮಸ್ಥಳದ ಯಾತ್ರೆಗೂ ನಡುವೆ ಅದನ್ನು ಇಟ್ಟುಕೊಂಡಿದ್ದಾರೆ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2012ರಲ್ಲಿ ಅಚ್ಚು ಹಾಕಿದ ಚಿತ್ರ. 69 ವರ್ಷದ ಒಬ್ಬ ಟ್ರಕ್ ಡ್ರೈವರ್. 28 ವರ್ಷ ಕಿಟಕಿಯ ಪಕ್ಕ ಕೂತು ಗಾಡಿ ಓಡಿಸಿದವನು. ಮುಖದ ಬಲಭಾಗ ಒಬ್ಬ ಮನುಷ್ಯನದು, ಎಡಭಾಗ ಅವನ ಅಪ್ಪನದು ಎನ್ನುವ ಹಾಗಿದೆ. ಯುವಿಬಿಯನ್ನು ಗಾಜು ಬಹುಪಾಲು ತಡೆಯುತ್ತದೆ, ಯುವಿಎ ಗಾಜನ್ನು ದಾಟಿಯೇ ಬರುತ್ತದೆ. ಸುಡುವುದಿಲ್ಲ, ಸದ್ದಿಲ್ಲದೆ ಸುಕ್ಕು ಬರೆಯುತ್ತದೆ.

"ಅಮೆರಿಕದಲ್ಲಿ ಡ್ರೈವರ್ ಎಡಕ್ಕೆ ಕೂರ್ತಾನೆ, ನಮ್ಮಲ್ಲಿ ಬಲಕ್ಕೆ" ಎಂದವರೇ ಮದ್ದೂರಿನ ಹತ್ತಿರ ಬಸ್ಸು ತಿಂಡಿಗೆ ನಿಂತಾಗ ಇಳಿದು ಡ್ರೈವರನ ಬಲಗಡೆ ಹೋಗಿ ನಿಂತರು. ಆತ ವಡೆ ತಿನ್ನುತ್ತಿದ್ದ. ಇವರು ಬಗ್ಗಿ ಬಗ್ಗಿ ಅವನ ಕೆನ್ನೆ ನೋಡುತ್ತಿದ್ದರು.

"ಯಾಕ್ ಸಾರ್, ಹಂಗ್ ನೋಡ್ತೀರಿ?"

"ನಿಮ್ಮ ಬಲಗೆನ್ನೆ..."

ಡ್ರೈವರನ ಕೈ ಸರಕ್ಕನೆ ಕೆನ್ನೆಗೆ ಹೋಯಿತು. "ಇನ್ನೂ ಕಾಣ್ತೈತಾ ಸಾರ್? ನಮ್ಮವಳು ಸ್ವಲ್ಪ ಕೋಪಿಷ್ಠೆ."

ನಾನು ವಡೆ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿ ಕೂತುಬಿಟ್ಟೆ.

ಛತ್ರ ತಲುಪಿದೆವು. ಮುಹೂರ್ತ ಹತ್ತು ಗಂಟೆಯ ಆಸುಪಾಸು. ಅಂತರಪಟ ಹಿಡಿದಿದ್ದಾರೆ, ಪುರೋಹಿತರು ಮಂಗಳಾಷ್ಟಕ ಹೇಳುತ್ತಿದ್ದಾರೆ, ಷಡ್ಡಕರ ಜೇಬಿನಿಂದ ಅಲಾರಮ್ಮು. ಮುಂದಿನ ಸಾಲಿನ ಆರು ತಲೆಗಳು ಹಿಂದಕ್ಕೆ ತಿರುಗಿದವು. "ಛತ್ರದೊಳಗೆ ಯಾವ ಬಿಸಿಲು ಸಾರ್?" ಎಂದು ಪಿಸುಗುಟ್ಟಿದೆ. ಕತ್ತೆತ್ತಿ ಗೋಡೆಯುದ್ದದ ಗಾಜಿನ ಕಿಟಕಿ ತೋರಿಸಿದರು. ಟ್ಯೂಬು ತೆಗೆದು ಬಲಗೈಯ ಎರಡು ಬೆರಳ ಮೇಲೆ ಗೆರೆ ಎಳೆದದ್ದೇ ತಡ, ಅಕ್ಷತೆಯ ತಟ್ಟೆ ಬಂತು. ಎಡಗೈಯಲ್ಲಿ ಅಕ್ಷತೆ ತೆಗೆದುಕೊಳ್ಳುವ ಹಾಗಿಲ್ಲ. ಅದೇ ಬಲಗೈಯಲ್ಲಿ ತೆಗೆದುಕೊಂಡರು. "ಗಟ್ಟಿಮೇಳ! ಗಟ್ಟಿಮೇಳ!" ವಾಲಗ ಮೊಳಗಿತು, ಎಲ್ಲರೂ ಅಕ್ಷತೆ ಎರಚಿದರು, ಇವರೂ ಎರಚಿದರು. ಒಂದು ಕಾಳೂ ಕೈಬಿಟ್ಟು ಹೋಗಲಿಲ್ಲ. ಕೊಡವಿದರು. ಇಲ್ಲ. ಅಷ್ಟರಲ್ಲಿ ತಾಳಿ ಬಿತ್ತು, ಕಣ್ಣು ತುಂಬಿ ಬಂತು (ಮದುವೆಗಳಲ್ಲಿ ಅವರಿಗೆ ಹಾಗಾಗುತ್ತದೆ, ಯಾರ ಮಗಳಾದರೂ ಸರಿ). ಮೈಮರೆತು ಆ ಕೈಯನ್ನೇ ಮುಖಕ್ಕೆ ಒರೆಸಿಕೊಂಡರು. ಹಣೆ, ಕೆನ್ನೆ, ಮೂಗಿನ ಮೇಲೆಲ್ಲ ಅರಿಶಿನದ ಅಕ್ಕಿ. ವಿಡಿಯೋದವನು ಅದನ್ನು ಬಹಳ ಹೊತ್ತು ಹಿಡಿದಿದ್ದಾನೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ರಾತ್ರಿ ಹಚ್ಚುವ ರೆಟಿನಾಲ್ ಬಟಾಣಿ ಕಾಳಿನಷ್ಟು ಸಾಕು ಎಂದು ಬರೆದಿದ್ದರೂ ಮಗನ ಗೃಹಪ್ರವೇಶ ಹತ್ತಿರ ಬಂತೆಂದು ನೆಲ್ಲಿಕಾಯಿಯಷ್ಟು ಹಚ್ಚಿದರು. ಅಂದು ಗೋಡೆಗೆಲ್ಲ ಹೊಸ ಬಣ್ಣ, ಯಜಮಾನರ ಮುಖದಿಂದ ಮಾತ್ರ ಹಳೇ ಸುಣ್ಣ ಉದುರುತ್ತಿತ್ತು. ನಿಂಬೆಹಣ್ಣು ಉಜ್ಜಿಕೊಂಡು ಬಿಸಿಲಿಗೆ ಹೋಗುವವರನ್ನು ಕಂಡರೆ ಬೀದಿಯಲ್ಲೇ ನಿಲ್ಲಿಸಿ ಬೈಯುತ್ತಾರೆ. ಚರ್ಮ ಸುಟ್ಟು ಕಪ್ಪಾಗುತ್ತದೆ ಎನ್ನುವುದು ನಿಜವೇ. ಆದರೆ ಒಮ್ಮೆ ಹಾಗೆ ಬೈಸಿಕೊಂಡ ಹುಡುಗಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ.

ಒಮ್ಮೆ ಮಾತ್ರ ಅವರ ಬಾಯಿ ಕಟ್ಟಿದೆ ಎಂದುಕೊಂಡೆ. ಮೊದಲು ಎಣ್ಣೆಯಿಂದ ಒರೆಸಿ ಆಮೇಲೆ ತೊಳೆಯುವ 'ಡಬಲ್ ಕ್ಲೆನ್ಸಿಂಗ್' ಕೊರಿಯಾದಿಂದ ಬಂದ ವಿದ್ಯೆ ಎಂದರು. ನಾನು ಹೊನ್ನಾವರದ ಕಡೆಯವನು. ಬೆಳಗಿನ ಜಾವ ಯಕ್ಷಗಾನದ ಆಟ ಮುಗಿದ ಮೇಲೆ ಚೌಕಿಗೆ ನುಗ್ಗಿ, ರಾತ್ರಿಯಿಡೀ ಗರ್ಜಿಸಿದ ರಾಕ್ಷಸ ಅಂಗೈತುಂಬ ತೆಂಗಿನೆಣ್ಣೆ ಹಾಕಿಕೊಂಡು ಮುಖ ತಿಕ್ಕುವುದನ್ನು, ಕೆಂಪು ಕಪ್ಪು ಬಿಳಿ ಎಲ್ಲ ಕಲಸಿ ಕೆಸರಾಗಿ ಹಳೇ ಪಂಚೆಯ ತುಂಡಿಗೆ ಇಳಿಯುವುದನ್ನು, ಒಳಗಿನಿಂದ ನಮ್ಮೂರ ಹೆಗಡೆಯೊಬ್ಬರು ಹೊರಬರುವುದನ್ನು ಬಾಯಿ ಬಿಟ್ಟು ನೋಡಿದವನು. ಅದನ್ನೆಲ್ಲ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. "ಅವರು ಆಮೇಲೆ ಮುಖ ತೊಳೀತಿದ್ರಲ್ಲ ಮೇಷ್ಟ್ರೇ. ನೀವು ಎಣ್ಣೆ ಹಚ್ಕೊಂಡು ಹಾಗೇ ಸ್ಕೂಲಿಗೆ ಹೋಗ್ತಿದ್ರಿ."

ಅತ್ತೆಯವರು ನಮ್ಮಲ್ಲಿಯೇ ಇದ್ದಾರೆ, 86 ವರ್ಷ. ಕಳೆದ ಧನುರ್ಮಾಸದಲ್ಲಿ ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರು. ಚಳಿಗೆ ಇರಬೇಕೆಂದು ನಾನು ನೀರನ್ನು ಇನ್ನಷ್ಟು ಕುದಿಸಿದೆ. ನನ್ನಾಕೆ ಸೀಗೆಪುಡಿ ಇನ್ನಷ್ಟು ಉಜ್ಜಿದಳು. ಕೆರೆತ ಹೆಚ್ಚಾಯಿತು. ಆ ತಿಂಗಳು ಬಂದ ಷಡ್ಡಕರು ಅತ್ತೆಯ ಸೀರೆಯಂಚನ್ನು ಗೇಣುದ್ದ ಸರಿಸಿ ಮೊಣಕಾಲಿನ ಕೆಳಗೆ ನೋಡಿದರು. ಬೇಸಿಗೆಯ ಕೆರೆಯಂಗಳದ ಹಾಗೆ ಬಿಳಿ ಬಿರುಕು. ನನ್ನ ಕಡೆ ಅವರು ಬೀರಿದ ನೋಟವನ್ನು ಸಾಲ ತೀರಿಸದವರೆಷ್ಟೋ ಜನ ಬ್ಯಾಂಕಿನಲ್ಲಿ ನೋಡಿರಬೇಕು. "ವಯಸ್ಸಾದ ಚರ್ಮದಲ್ಲಿ ಎಣ್ಣೆಯಂಶವೇ ಕಮ್ಮಿ. ಇರೋ ಚೂರನ್ನೂ ನೀವಿಬ್ಬರು ತೊಳೆದು ಹಾಕ್ತಿದ್ದೀರಿ." ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ, ಮೈ ಪಸೆ ಆರುವ ಮೊದಲೇ ಪೆಟ್ರೋಲಿಯಂ ಜೆಲ್ಲಿ. ಹೇಳಿ ಸುಮ್ಮನಾಗಲಿಲ್ಲ. ನೆಲದ ಮೇಲೆ ಕೂತು ತಾವೇ ಹಚ್ಚತೊಡಗಿದರು.

"ಅಯ್ಯಯ್ಯೋ, ಅಳಿಯಂದ್ರು ಕಾಲು ಮುಟ್ಟೋದೇ!" ಅತ್ತೆ ಕಾಲೆಳೆದುಕೊಂಡರು. ಈ ಅಳಿಯನ ಕಾಲು ತೊಳೆಯುವಾಗ ಮಾವನವರ ಪಕ್ಕ ನಿಂತು ಚೊಂಬಿನಿಂದ ನೀರು ಬಿಟ್ಟವರು ಅವರೇ.

"ಇದು ಕಾಲಲ್ಲ ಅತ್ತೆ, ನನ್ನ ಬ್ರಾಂಚು. ಇನ್‌ಸ್ಪೆಕ್ಷನ್‌ಗೆ ಬಂದಿದ್ದೀನಿ."

ಕಾಲು ಮುಗಿಸಿ ತೋಳಿಗೆ ಬಂದರು. ಮೊಣಕೈಯ ಹೊರಗೆ ಈರುಳ್ಳಿಯ ಒಣ ಸಿಪ್ಪೆಯಂಥ ಚರ್ಮ, ತುಂಬ ಕಂದು ಕಲೆ. ತೋಳಿನ ಒಳಮೈ, ರವಿಕೆಯ ಮರೆಯಲ್ಲೇ ಇದ್ದ ಭಾಗ, ಅಷ್ಟೇ ನುಣುಪು. "ನೋಡಿ ಮೇಷ್ಟ್ರೇ, ಒಳತೋಳಿಗೂ 86, ಹೊರತೋಳಿಗೂ 86. ವ್ಯತ್ಯಾಸ ಬರೀ ಬಿಸಿಲು" ಎಂದು ಪಾಠ ಶುರು ಮಾಡಿದರು. ಅತ್ತೆ ತಮ್ಮ ತೋಳನ್ನು ಯಾರದೋ ಎನ್ನುವಂತೆ ತಿರುಗಿಸಿ ನೋಡಿಕೊಂಡರು.

"ಮಾಳಿಗೆ ಮೇಲೆ ಹಪ್ಪಳ ಸಂಡಿಗೆ ಒಣಗಿಸಿದ್ದು. ವರ್ಷಾ ವರ್ಷಾ ಮೂರು ಡಬ್ಬ ನಿಮಗೇ ಕಳಿಸ್ತಿದ್ದೆ. ಬಡ್ಡಿ ನನ್ನ ತೋಳು ಕಟ್ಟಿದೆ, ಹಪ್ಪಳ ನೀವು ತಿಂದಿದ್ದೀರಿ."

ಮ್ಯಾನೇಜರ್ ಸಾಹೇಬರು ಮಾತಾಡಲಿಲ್ಲ. ಡಬ್ಬಿಯಿಂದ ಇನ್ನೊಂದಿಷ್ಟು ತೆಗೆದು ಹೊರತೋಳಿಗೆ ನಿಧಾನವಾಗಿ ಸವರುತ್ತಾ ಕೂತರು. ಬಚ್ಚಲಿಗೆ ಹೋಗುವುದಿದ್ದ ನಾನೂ ಅಲ್ಲೇ ನಿಂತಿದ್ದೆ.

ಅವರು ಊರಿಗೆ ಹೋದ ಮೇಲೆ ಜೆಲ್ಲಿಯ ಕೆಲಸ ನನ್ನ ಪಾಲಿಗೆ ಬಂತು. ಕೆರೆತ ಹದಿನೈದು ದಿನದಲ್ಲಿ ಇಳಿಯಿತು. ಸನ್‌ಸ್ಕ್ರೀನಿನ ಟ್ಯೂಬೊಂದನ್ನು ಅವರು ನಮ್ಮ ಬಚ್ಚಲ ಕಿಟಕಿಯಲ್ಲಿ ಮರೆತು ಹೋಗಿದ್ದರು. ಮರೆತರೋ, ಬಿಟ್ಟರೋ, ಕೇಳಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಬಂದರು. ಕುಕ್ಕರಹಳ್ಳಿ ಕೆರೆಯ ಏರಿ ಸುತ್ತಿ ನಾನು ಆಗತಾನೇ ಒಳಗೆ ಕಾಲಿಟ್ಟಿದ್ದೆ. ಬಾಗಿಲ ಬೆಳಕಿನಲ್ಲಿ ನನ್ನ ಗಲ್ಲ ಹಿಡಿದು ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು.

"ಮೇಷ್ಟ್ರೇ, ಕಿವಿ ಬಿಟ್ಟಿದ್ದೀರಿ."

"ನಾನೇನೂ ಹಚ್ಚಿಲ್ಲವಲ್ಲ."

"ಕಿವಿಗೆ ಹಚ್ಚಿಲ್ಲ. ನಾನು ಹೇಳಿದ್ದೂ ಅದನ್ನೇ."