ನೀವು ಬದುಕಿದ್ದೀರಾ, ಹವಾಲ್ದಾರ್ ಸಾಹೇಬ್ರೇ?

ಸರ್ಕಾರ ಮಾಜಿ ಸೈನಿಕರ ಜೊತೆ ಮಾತೇ ಆಡುವುದಿಲ್ಲ ಎಂಬ ದೂರು ಶುದ್ಧ ಸುಳ್ಳು. ವರ್ಷಕ್ಕೊಮ್ಮೆ ತಪ್ಪದೆ ಮಾತಾಡಿಸುತ್ತದೆ. ನವೆಂಬರ್ ಬಂತೆಂದರೆ ಒಂದೇ ಪ್ರಶ್ನೆ: ನೀವಿನ್ನೂ ಬದುಕಿದ್ದೀರಾ? ಬದುಕಿದ್ದರೆ ಪುರಾವೆ ಕೊಡಿ. ‘ಚೆನ್ನಾಗಿದ್ದೀರಾ’ ಎಂದು ಕೇಳಬಹುದಿತ್ತು. ಆದರೆ ಅದಕ್ಕೆ ಉತ್ತರ ಉದ್ದ. ಮಂಡಿನೋವು, ಸಕ್ಕರೆ ಕಾಯಿಲೆ, ಮಾತು ಬಿಟ್ಟ ಮಗ ಎಲ್ಲ ಬರುತ್ತವೆ. ಇಲಾಖೆಗೆ ಅಷ್ಟು ಪುರುಸೊತ್ತಿಲ್ಲ. ಇದ್ದೀರೋ ಹೋಗಿದ್ದೀರೋ, ಅಷ್ಟು ಹೇಳಿ ಸಾಕು.

ಬೆಂಗಳೂರಿನ ಅಕ್ಕಿಪೇಟೆ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗುವ ಗಲ್ಲಿಗಳ ಜೆರಾಕ್ಸ್ ಅಂಗಡಿಗಳಲ್ಲಿ ಈ ಸಂವಾದವನ್ನು ಹತ್ತಿರದಿಂದ ನೋಡಬಹುದು. ಪಕ್ಕದ ಗೋದಾಮಿನ ಸೆಕ್ಯುರಿಟಿ ಸ್ಟೂಲಿನಿಂದ ಎದ್ದು ಬಂದ ನಿವೃತ್ತ ಹವಾಲ್ದಾರರು ನಿಂತಿದ್ದಾರೆ. ಸೇನೆಯ ಎಂಜಿನಿಯರ್ ಪಡೆ ಎಂಇಜಿಯ ಹಳೇ ತಂಬಿ. ಸೇತುವೆಗೆ ಕಬ್ಬಿಣ ಹೊತ್ತು ಸವೆದ ಬೆರಳು. ಯಂತ್ರಕ್ಕೆ ಆ ಬೆರಳಿನಲ್ಲಿ ಗೆರೆಯೇ ಸಿಗುವುದಿಲ್ಲ. ಸರಿ, ಮುಖ ತೋರಿಸಿ ಎಂದು ಫೋನು ಎತ್ತಿ ಹಿಡಿಯುತ್ತಾನೆ ಅಂಗಡಿ ಹುಡುಗ. ಹವಾಲ್ದಾರರು ಪರೇಡಿಗೆ ನಿಂತಂತೆ ಎದೆ ಸೆಟೆಸಿ, ಕಣ್ಣು ಅಲ್ಲಾಡಿಸದೆ ನಿಲ್ಲುತ್ತಾರೆ. ‘ತಾತ, ಕಣ್ಣು ಮಿಟುಕ್ಸಿ. ಮಿಟುಕ್ಸಿಲ್ಲ ಅಂದ್ರೆ ಇದು ಫೋಟೊ ಅನ್ಕೊಳತ್ತೆ.’ ಕಣ್ಣು ಮಿಟುಕಿಸದೆ ಕಾವಲು ನಿಂತಿದ್ದಕ್ಕೇ ಮೆಡಲ್ ಕೊಟ್ಟ ದೇಶವೀಗ, ಮಿಟುಕಿಸಿದರೆ ಮಾತ್ರ ಪಿಂಚಣಿ ಎನ್ನುತ್ತಿದೆ. ಅವರು ಮಿಟುಕಿಸುವ ಹೊತ್ತಿಗೆ ಹಿಂದಿನಿಂದ ಮೂಟೆ ಹೊತ್ತ ಹಮಾಲಿಯೊಬ್ಬ ಚೌಕಟ್ಟಿನೊಳಗೆ ಮುಖ ತೂರಿಸುತ್ತಾನೆ. ಇಬ್ಬರಲ್ಲಿ ಯಾರು ಬದುಕಿರುವುದು ಎಂದು ತಿಳಿಯದೆ ಆ್ಯಪು ಗಿರಗಿರನೆ ತಿರುಗುತ್ತ ಕೂರುತ್ತದೆ.

ಇದು ತಮಾಷೆಯ ಸಂಗತಿಯಲ್ಲ ಎನ್ನುವವರಿಗೆ ಲೆಕ್ಕ ಕೊಡುತ್ತೇನೆ. ರಕ್ಷಣಾ ಪಿಂಚಣಿದಾರರು ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು. ಬ್ಯಾಂಕುಗಳ ಕೈಯಲ್ಲಿದ್ದ ಇವರ ಲೆಕ್ಕವನ್ನು ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಸಾಗಿಸುತ್ತಿದ್ದಾಗ, 2022ರ ಏಪ್ರಿಲ್ ತಿಂಗಳ ಪಿಂಚಣಿ 58,275 ಜನರ ಖಾತೆಗೆ ಬೀಳಲಿಲ್ಲ. ಅವರು ಬದುಕಿರುವುದು ಕಡತದಲ್ಲಿ ಖಾತ್ರಿಯಾಗಿರಲಿಲ್ಲ, ಅಷ್ಟೆ. ಗದ್ದಲವಾದ ಮೇಲೆ ಮೇ 4ರಂದು ರಕ್ಷಣಾ ಸಚಿವಾಲಯ ‘ಒಂದು ಬಾರಿಯ ವಿಶೇಷ ವಿನಾಯಿತಿ’ ಎಂದು ದುಡ್ಡು ಬಿಡುಗಡೆ ಮಾಡಿತು. ಮೇ 25ರೊಳಗೆ ಜೀವ ಸಾಬೀತುಪಡಿಸಿ ಎಂದು ಗಡುವನ್ನೂ ಕೊಟ್ಟಿತು. ಮೂರು ವಾರ ಪುರಾವೆಯಿಲ್ಲದೆ ಬದುಕಿರಲು ಸರ್ಕಾರವೇ ಪರವಾನಗಿ ಕೊಟ್ಟದ್ದು ಚರಿತ್ರೆಯಲ್ಲಿ ಅಪರೂಪ. ತಪ್ಪು ಯಾರದು? ಬ್ಯಾಂಕು ತಿಳಿಸಲಿಲ್ಲ ಎಂದರು. ನಮ್ಮಲ್ಲಿ ಇಂಥದಕ್ಕೆ ಯಾರೂ ರಾಜೀನಾಮೆ ಕೊಡುವುದಿಲ್ಲ, ಸರ್ವರ್ ಒಂದು ‘ಡೌನ್’ ಆಗುತ್ತದೆ. ಅಮೆರಿಕದ ಫೀನಿಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದು ರೋಗಿಗಳ ಸರದಿ ಪಟ್ಟಿಯನ್ನು ಗುಟ್ಟಾಗಿ ಇಟ್ಟದ್ದು ಬಯಲಾದಾಗ, 2014ರ ಮೇ ತಿಂಗಳಲ್ಲಿ ಆ ಇಲಾಖೆಯ ಮಂತ್ರಿ ಎರಿಕ್ ಶಿನ್ಸೆಕಿಯೇ ಕುರ್ಚಿ ಬಿಟ್ಟೆದ್ದರು. ಪಾಪ, ಅವರಿಗೆ ಸರ್ವರ್ ಮೇಲೆ ಹಾಕುವ ವಿದ್ಯೆ ಗೊತ್ತಿರಲಿಲ್ಲ.

ಇನ್ನು ಹೆಸರು. ಯಾರೋ ಒಬ್ಬ ತಿಮ್ಮಯ್ಯ ಎಂದಿಟ್ಟುಕೊಳ್ಳಿ. ಭರ್ತಿಯಾದ ದಿನ ಕನ್ನಡವರಿಯದ ಗುಮಾಸ್ತೆ ಕಿವಿಗೆ ಬಿದ್ದಂತೆ ‘ತಿಮಾಯ’ ಎಂದು ಬರೆದ. ಆಧಾರ್‌ನಲ್ಲಿ ತಿಮ್ಮಯ್ಯ ಎಚ್.; ಪ್ಯಾನ್ ಕಾರ್ಡಿನಲ್ಲಿ ಎಚ್ ಬಿಡಿಸಿಕೊಂಡು ಹನುಮಂತಪ್ಪ ತಿಮ್ಮಯ್ಯ. ಈಗ ಒಂದು ಪಿಂಚಣಿಗೆ ಮೂವರು ಹಕ್ಕುದಾರರು, ಮೂವರೂ ಒಂದೇ ಚಡ್ಡಿ ತೊಟ್ಟು ಒಂದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಇನಿಷಿಯಲ್ ಎಂಬ ದಕ್ಷಿಣದ ಪದ್ಧತಿ ಉತ್ತರದ ಕಂಪ್ಯೂಟರಿಗೆ ಶತ್ರು ಪಾಳೆಯದ ಸಂಕೇತದಂತೆ ಕಾಣುತ್ತದೆ. ನಮ್ಮ ಜನರಲ್ ತಿಮ್ಮಯ್ಯನವರ ಹೆಸರನ್ನೇ ಇಂಗ್ಲಿಷಿನಲ್ಲಿ ಇಂದಿಗೂ ಎರಡು ಬಗೆಯಾಗಿ ಬರೆಯುತ್ತಾರೆ. ಒಂದು ಎಂ ಹೆಚ್ಚಾದ ತಪ್ಪಿಗೆ ಸೇನಾ ಮುಖ್ಯಸ್ಥರೂ ‘ಡಿಸ್‌ಕ್ರಿಪೆನ್ಸಿ’ ಪಟ್ಟಿಯಲ್ಲಿ ಸಾಲು ನಿಲ್ಲಬೇಕಾಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ಹೆಂಡತಿಯ ಹೆಸರು ಕಾಗದದಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಒಂದು ಎಂದು ಗೊತ್ತಾಗುವ ಮನೆಗಳದ್ದು ಬೇರೆಯೇ ಪಾಡು. ಅದನ್ನು ನಗೆಗೆ ಹಚ್ಚಲು ನನ್ನಿಂದಾಗದು.

ಇಲಾಖೆ ಮಾತಾಡುವ ಭಾಷೆಯ ವಿಚಾರಕ್ಕೆ ಬರೋಣ. ‘ಒಂದು ಹುದ್ದೆ ಒಂದು ಪಿಂಚಣಿ’ ಎಂಬ ನಾಲ್ಕು ಶಬ್ದದ ಯೋಜನೆಯನ್ನು 2016ರ ಫೆಬ್ರವರಿಯಲ್ಲಿ ವಿವರಿಸಿದ್ದು 101 ಕೋಷ್ಟಕಗಳಲ್ಲಿ. ಸುತ್ತೋಲೆ ಸಂಖ್ಯೆ 555. ಪರಿಷ್ಕರಣೆಯ ಸುತ್ತೋಲೆ 2023ರ ಜನವರಿ 20ರಂದು ಬಂತು, ಸಂಖ್ಯೆ 666. ನಾಯಕ್ ದರ್ಜೆಯವನು ತನ್ನ ರೂಪಾಯಿ ಹುಡುಕಲು ದರ್ಜೆ, ಗುಂಪು, ಸೇವಾವಧಿ ಹಿಡಿದು ಅಡ್ಡಸಾಲು, ಕಂಬಸಾಲು ದಾಟಬೇಕು. ಮೈನ್ ಹುಗಿದ ಹೊಲ ದಾಟಿದ ಅನುಭವ ಇದ್ದವರಿಗೆ ಮಾತ್ರ ಕೊಂಚ ಸಲೀಸು.

ಕೌಂಟರಿನ ಆಚೆಗೆ ಕೂತವರನ್ನು ಬೈಯಬೇಡಿ. ಅವರ ಜೊತೆಗೂ ಇಲಾಖೆ ಇದೇ ಭಾಷೆಯಲ್ಲಿ ಮಾತಾಡುತ್ತದೆ. ಮೇಲಿನಿಂದ ಸುತ್ತೋಲೆ ಇಳಿಯುತ್ತದೆ, ಅದರೊಳಗೆ ‘ಉಲ್ಲೇಖ (ಅ)ರಲ್ಲಿನ ಪತ್ರವನ್ನು ಉಲ್ಲೇಖ (ಆ)ರೊಂದಿಗೆ ಓದಿಕೊಂಡು’ ಎಂದಿರುತ್ತದೆ, ಆ ಎರಡೂ ಪತ್ರಗಳು ಬಂದಿರುವುದಿಲ್ಲ. ಎಷ್ಟೋ ಕಡೆ ಹೊಸ ಆದೇಶ ಬಂದಿದೆ ಎಂದು ಗುಮಾಸ್ತೆಗೆ ತಿಳಿಯುವುದೇ, ಯಾವುದೋ ಮಾಜಿ ಸುಬೇದಾರರು ವಾಟ್ಸ್‌ಆ್ಯಪ್ ತೆರೆದು ಅವನ ಮೂಗಿಗೆ ಹಿಡಿದಾಗ. ಹಿಂದೆ ಡಿಪಿಡಿಒ ಎಂಬ ಪಿಂಚಣಿ ಹಂಚುವ ಕಚೇರಿಗಳಿದ್ದವು. ಕೆಲಸ ಆಗುತ್ತಿತ್ತೋ ಬಿಡುತ್ತಿತ್ತೋ, ಜಗಳ ತೆಗೆಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಈಗ ಟಿಕೆಟ್ ನಂಬರ್ ಸಿಗುತ್ತದೆ. ಆರೋಗ್ಯ ಯೋಜನೆಯ ಕಾರ್ಡುಗಳು ಮಾತ್ರ 16 ಕೆಬಿಯಿಂದ 32ಕ್ಕೆ, 32ರಿಂದ 64ಕ್ಕೆ ಬೆಳೆದಿವೆ. ಕಾರ್ಡಿನ ಜ್ಞಾಪಕಶಕ್ತಿ ನಾಲ್ಕು ಪಟ್ಟಾಗಿದೆ. ಕಚೇರಿಯದ್ದರ ಬಗ್ಗೆ ಪ್ರಕಟಣೆ ಬಂದಿಲ್ಲ.

ಸುತ್ತೋಲೆ 666 ಬಂದ ಅದೇ ಜನವರಿ 20ರಂದು ಸಚಿವಾಲಯ ಇನ್ನೊಂದು ಪತ್ರ ಹೊರಡಿಸಿ, ಆ ಪರಿಷ್ಕರಣೆಯ ಬಾಕಿ ಹಣವನ್ನು ನಾಲ್ಕು ಕಂತುಗಳಲ್ಲಿ ಕೊಡುವುದಾಗಿ ಹೇಳಿತು. ಸುಪ್ರೀಂ ಕೋರ್ಟು ಅಷ್ಟರಲ್ಲಾಗಲೇ ಮಾರ್ಚ್ 15ರ ಗಡುವು ಕೊಟ್ಟಾಗಿತ್ತು. ಕೋರ್ಟು ಕೆರಳಿತು. ಮಾರ್ಚ್ 20ರಂದು ಸರ್ಕಾರ ತನ್ನ ಕಷ್ಟವನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ ನ್ಯಾಯಮೂರ್ತಿಗಳ ಕೈಗಿಡಲು ಹೋಯಿತು. ಮಾಜಿ ಸೈನಿಕರಿಗೆ ಎಷ್ಟು ಕೊಡಬೇಕು, ಯಾವಾಗ ಕೊಡುತ್ತೇವೆ ಎಂಬುದನ್ನು ಮಾಜಿ ಸೈನಿಕರ ಕಣ್ಣಿಗೆ ಬೀಳದಂತೆ ತಿಳಿಸುವ ಈ ವಿಧಾನ ಸಂವಹನ ಶಾಸ್ತ್ರಕ್ಕೆ ನಮ್ಮ ಕೊಡುಗೆ. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಲಕೋಟೆಯನ್ನು ಮುಟ್ಟಲು ಒಪ್ಪಲಿಲ್ಲ. ಎದುರು ಪಕ್ಷದವರಿಗೂ ಓದಲು ಕೊಡಿ ಎಂದಿತು. ಮೊದಲು ಕುಟುಂಬ ಪಿಂಚಣಿದಾರರು ಮತ್ತು ಶೌರ್ಯ ಪದಕ ಪಡೆದವರು, ಆಮೇಲೆ 70 ದಾಟಿದವರು, ಉಳಿದವರಿಗೆ 2024ರ ಫೆಬ್ರವರಿ ಕೊನೆಯೊಳಗೆ ಎಂದು ಕೋರ್ಟೇ ಸರದಿ ಹಾಕಿಕೊಟ್ಟಿತು. ಆ ಒಂದು ಆದೇಶ 101 ಕೋಷ್ಟಕಗಳಿಗಿಂತ ಬೇಗ ಅರ್ಥವಾಯಿತು.

ಈ ಸುತ್ತೋಲೆಗಳ ತವರುಮನೆ ಪ್ರಯಾಗ್‌ರಾಜ್. ಅಲ್ಲಿನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿ ಇರುವ ಜಾಗದ ಹೆಸರು ದ್ರೌಪದಿ ಘಾಟ್. ಎಳೆದಷ್ಟೂ ಮುಗಿಯದ ಕಡತಕ್ಕೆ ಇದಕ್ಕಿಂತ ಒಪ್ಪುವ ವಿಳಾಸ ಸಿಗಲಿಕ್ಕಿಲ್ಲ. ಆದರೆ ದ್ರೌಪದಿಯ ವಿಷಯ ನಮ್ಮ ಪೇಟೆಯವರ ಮುಂದೆ ಎತ್ತುವಾಗ ಆ ಕಚೇರಿಯವರು ಸ್ವಲ್ಪ ಎಚ್ಚರ ವಹಿಸಬೇಕು. ನಮಗೂ ಆಕೆಗೂ ಹಳೇ ಲೆಕ್ಕವಿದೆ. ಪಾಂಡವರು ಸ್ವರ್ಗಕ್ಕೆ ನಡೆದಾಗ ಹಿಂದುಳಿದ ದ್ರೌಪದಿ, ತಿಮಿರಾಸುರನನ್ನು ಹೊಡೆಯಲು ತನ್ನ ಮೈಯಿಂದಲೇ ವೀರಕುಮಾರರ ಪಡೆ ಹುಟ್ಟಿಸಿದಳು. ಯುದ್ಧ ಮುಗಿದು ಹೊರಟಾಗ ಪಡೆ ಅಡ್ಡಗಟ್ಟಿತು, ನಮ್ಮನ್ನು ಬಿಟ್ಟು ಹೋಗಬೇಡ ಎಂದಿತು. ವರ್ಷಕ್ಕೆ ಮೂರು ದಿನ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಳು. ಕರಗ ಉತ್ಸವದ ಕಥೆ ಇಷ್ಟೇ. ಚೈತ್ರ ಪೌರ್ಣಿಮೆಯ ರಾತ್ರಿ ತಿಗಳರ ಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಹೊರಟು ಅಕ್ಕಿಪೇಟೆ ಹಾಯ್ದು, ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತಾಳೆ. ಗಮನಿಸಿ: ತನ್ನ ಮಾಜಿ ಸೈನಿಕರಿರುವ ಬೀದಿಗೆ ಆಕೆಯೇ ಬರುತ್ತಾಳೆ. ಕತ್ತಿ ಹಿಡಿದು ನಿಂತ ವೀರಕುಮಾರನನ್ನು ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳುವುದಿಲ್ಲ. ಅಜ್ಜನ ಹೆಸರು ಮೊಮ್ಮಗನ ಹೆಸರಿಗೆ ತಾಳೆಯಾಗಲಿಲ್ಲ ಎಂದು ಕರಗ ಯಾವ ಮನೆಯ ಮುಂದೂ ತಡೆದು ನಿಂತದ್ದಿಲ್ಲ.

ಇಲಾಖೆಯೂ ಬೀದಿಗೆ ಬರುತ್ತದೆ ಎನ್ನುವಿರಿ. ಬರುತ್ತದೆ, ‘ಔಟ್‌ರೀಚ್’ ಎಂಬ ಹೆಸರಿನಲ್ಲಿ. ಶಾಮಿಯಾನ, ದೀಪ, ಶಾಲು, ಬೊಕೆ, ಇಂಗ್ಲಿಷಿನ ಪವರ್ ಪಾಯಿಂಟು, ಕೊನೆಗೊಂದು ಉಪ್ಪಿಟ್ಟು. ಇದರಲ್ಲಿ ಎಲ್ಲರಿಗೂ ಅರ್ಥವಾಗುವುದು ಉಪ್ಪಿಟ್ಟು. ಜನವರಿ 14ರ ಮಾಜಿ ಸೈನಿಕರ ದಿನದ್ದೂ ಇದೇ ವೈಖರಿ. 1953ರಲ್ಲಿ ಆ ದಿನ ನಿವೃತ್ತರಾದವರು ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಭಾರತೀಯ ಸೇನೆಯ ಮೊದಲ ದೇಶೀ ದಂಡನಾಯಕ. ಅದು ಸಂಕ್ರಾಂತಿಯ ಹೊತ್ತು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಿ ಎಂದು ಊರೇ ಹೇಳುವಾಗ, ಇಲಾಖೆ ಎಳ್ಳುಬೆಲ್ಲವನ್ನಷ್ಟೇ ಮುಗಿಸಿ ಏಳುತ್ತದೆ.

ಸಂವಹನ ಕಲಿಯಲೇಬೇಕು ಎಂದಿದ್ದರೆ ಅಧಿಕಾರಿಗಳು ದುಬಾರಿ ಕನ್ಸಲ್ಟೆಂಟುಗಳನ್ನು ಬಿಟ್ಟು ನಮ್ಮ ಪೇಟೆಯ ಯಾವುದಾದರೂ ಮಿಲಿಟರಿ ಹೋಟೆಲಿಗೆ ಬರಲಿ. ಮಿಲಿಟರಿ ಎಂಬ ಹೆಸರಿಟ್ಟುಕೊಂಡೂ ಒಂದೇ ಒಂದು ಫಾರಂ ತುಂಬಿಸದ ಸಂಸ್ಥೆ ಅದೊಂದೇ. ಬಾಗಿಲಲ್ಲಿ ಕರೀ ಹಲಗೆ, ಸೀಮೆಸುಣ್ಣದ ಕನ್ನಡ: ಬಿರಿಯಾನಿ ಉಂಟು, ಕೈಮಾ ಆಯ್ತು. ಏನಿದೆ, ಏನಿಲ್ಲ, ಎರಡೂ ವಿಷಯ ಒಂದೇ ನೋಟಕ್ಕೆ ಗೊತ್ತಾಗುತ್ತವೆ. ಕೈಮಾ ಏಕೆ ಮುಗಿಯಿತು ಎಂದು ಉಲ್ಲೇಖ (ಅ) ನೋಡಬೇಕಿಲ್ಲ.

ಹಾಗಾದರೆ ಆ ಹವಾಲ್ದಾರರಿಗೆ ಒಂದು ಹಾಳೆ ಕನ್ನಡದಲ್ಲಿ ಏಕೆ ಬರುವುದಿಲ್ಲ? ಸೋಮಾರಿತನ ಎಂದುಕೊಂಡಿರಾ? ಅಲ್ಲ, ಕಾನೂನು. 1976ರ ರಾಜಭಾಷಾ ನಿಯಮಗಳು ದೇಶವನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿವೆ. ಕರ್ನಾಟಕ ‘ಸಿ’. ‘ಸಿ’ ವಲಯದ ರಾಜ್ಯಕ್ಕಾಗಲಿ, ಅಲ್ಲಿನ ಯಾವುದೇ ವ್ಯಕ್ತಿಗಾಗಲಿ ಕೇಂದ್ರದ ಕಚೇರಿಯಿಂದ ಹೋಗುವ ಪತ್ರ ಇಂಗ್ಲಿಷಿನಲ್ಲಿರಬೇಕು ಎಂಬುದು ಮೂರನೇ ನಿಯಮ. ಸೇನೆಯಲ್ಲಿದ್ದಾಗ ವೈದ್ಯಕೀಯ ದರ್ಜೆಯಲ್ಲಿ ‘ಶೇಪ್ 1’ ಆಗಿದ್ದ ಆಳು, ಮನೆಗೆ ಬಂದ ಮರುದಿನದಿಂದ ‘ಸಿ’. ಅವರಿಗಾದರೂ ಬ್ಯಾರಕ್ಕಿನ ಹಿಂದಿ, ಅಷ್ಟಿಷ್ಟು ಇಂಗ್ಲಿಷು ಉಂಟು. ಗದಗಿನ ಕಡೆಯ ಹಳ್ಳಿಯಲ್ಲಿ ಕುಟುಂಬ ಪಿಂಚಣಿ ಎಣಿಸುವ ಮುದುಕಿಗೆ ಎರಡೂ ಇಲ್ಲ. ಆಕೆಯನ್ನು ವೇದಿಕೆಯಲ್ಲಿ ‘ವೀರನಾರಿ’ ಎಂದು ಕರೆಯುತ್ತಾರೆ, ಪತ್ರದಲ್ಲಿ ‘ಡಿಯರ್ ಪೆನ್ಷನರ್’ ಎನ್ನುತ್ತಾರೆ. ಸರ್ಕಾರಿ ಕಚೇರಿಗಳು ಜನಕ್ಕೆ ತಿಳಿಯುವಂತೆ ಬರೆಯಬೇಕು ಎಂದು ಅಮೆರಿಕದವರು 2010ರಲ್ಲಿ ಕಾನೂನೇ ಮಾಡಿಕೊಂಡರು. ನಾವು ಜನಕ್ಕೆ ತಿಳಿಯದ ಭಾಷೆಯಲ್ಲೇ ಬರೆಯಬೇಕೆಂದು ಅದಕ್ಕೂ ಮೂವತ್ತನಾಲ್ಕು ವರ್ಷ ಮೊದಲೇ ಮಾಡಿಕೊಂಡಿದ್ದೇವೆ.

ಆ ನಿಯಮಗಳನ್ನು ತಿದ್ದಲು ಸಂವಿಧಾನ ಬದಲಾಗಬೇಕಿಲ್ಲ. ಕೇಂದ್ರ ಸರ್ಕಾರ ಅವನ್ನು ಹಿಂದೆಯೂ ತಿದ್ದಿದೆ. ಮುಂದಿನ ಚುನಾವಣೆಯಲ್ಲಿ ಯೋಧರ ಕಟೌಟು ಹಿಡಿದುಕೊಂಡು ಅಕ್ಕಿಪೇಟೆಯ ಸಂದಿಗಳಿಗೆ ವೋಟು ಕೇಳಲು ಬರುವವರನ್ನು, ಯಾವ ಪಕ್ಷದವರೇ ಆಗಲಿ, ಒಂದು ನಿಮಿಷ ನಿಲ್ಲಿಸಿ. ಮೂರನೇ ನಿಯಮದಲ್ಲಿ ‘ಇಂಗ್ಲಿಷ್’ ಎಂಬುದರ ಪಕ್ಕ ‘ಮತ್ತು ಆಯಾ ರಾಜ್ಯದ ಭಾಷೆ’ ಎಂದು ಯಾವತ್ತು ಸೇರಿಸುತ್ತೀರಿ ಎಂದು ಕೇಳಿ. ದಿನಾಂಕ ಹೇಳಿದರೆ ಬರೆದುಕೊಳ್ಳಿ. ಮುಚ್ಚಿದ ಲಕೋಟೆಯಲ್ಲಿ ತಿಳಿಸುತ್ತೇವೆ ಎಂದರೆ ಬಾಗಿಲು ಹಾಕಿಕೊಳ್ಳಿ.