ಎರಡು ಚಳಿಗಾಲದ ಸವಾರ

ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಕನ್ನಡ ಕುಟುಂಬಗಳಲ್ಲಿ ಕಂಡುಬರುವ ಎರಡು ಚಳಿಗಾಲದ ಸವಾರನು ಸಾಮಾನ್ಯವಾಗಿ ನಲವತ್ತೈದು ದಾಟಿದ ಗೃಹಸ್ಥ. ಬ್ಯಾಂಕು, ಆಸ್ಪತ್ರೆ ಅಥವಾ ಔಷಧ ಕಂಪನಿಯಲ್ಲಿ ಉದ್ಯೋಗ. ಕಾರಿದೆ, ಬೈಕಿಲ್ಲ. ಚಳಿಗಾಲದಲ್ಲೊಂದು ದೂರದ ಬೈಕ್ ಪ್ರವಾಸ ಮಾಡಬೇಕೆಂಬುದು ಇವನ ಜೀವನಧ್ಯೇಯ. ಅದಕ್ಕೆ ತಕ್ಕ ಬೈಕನ್ನು ಆರಿಸುವುದು ಇವನ ಜೀವನ.

ಇವನಿಗೆ ವರ್ಷಕ್ಕೆ ಎರಡು ಚಳಿಗಾಲ. ಒಂದು ಕೆನ್ಯಾದ್ದು, ಜೂನ್‌ನಿಂದ ಆಗಸ್ಟ್‌ವರೆಗೆ. ಭೂಮಧ್ಯರೇಖೆ ಹತ್ತಿರವೇ ಇದ್ದರೂ ನೈರೋಬಿ ಸುಮಾರು 1,700 ಮೀಟರ್ ಎತ್ತರದಲ್ಲಿರುವುದರಿಂದ ಜುಲೈಯಲ್ಲಿ ದಿನವಿಡೀ ಮೋಡ, ಆಗಾಗ ಜಿಟಿಜಿಟಿ ಹನಿ, ಬೆಳಗಿನ ಜಾವ ಹನ್ನೊಂದು-ಹನ್ನೆರಡು ಡಿಗ್ರಿ. ಇನ್ನೊಂದು ಊರಿನದು, ಡಿಸೆಂಬರ್ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಸಿಗುವುದು. ಜುಲೈಯಲ್ಲಿ ಯಾರಾದರೂ "ಹೊರಡೋಣವೇ ಸಾರ್?" ಎಂದರೆ "ಚಳಿಗಾಲದ ರೈಡ್ ಅಂದ್ರೆ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರು ಕಣ್ರೀ" ಎನ್ನುತ್ತಾನೆ. ಡಿಸೆಂಬರ್‌ನಲ್ಲಿ ನೆಂಟರ ಮನೆಯ ಊಟ, ಬ್ಯಾಂಕಿನ ಕೆವೈಸಿ, ಹಲ್ಲಿನ ಡಾಕ್ಟರು ಇವುಗಳ ನಡುವೆ ಭಾವಮೈದ ಬೈಕಿನ ಕೀಲಿ ಮುಂದೆ ಹಿಡಿದರೆ "ಜುಲೈನಲ್ಲಿ ಲಿಮುರು ಕಡೆ ಮಂಜು ನೋಡ್ಬೇಕು ನೀನು" ಎನ್ನುತ್ತಾನೆ. ಎರಡು ಮಾತೂ ಸುಳ್ಳಲ್ಲ. ನೈರೋಬಿ ಪಕ್ಕದ ಲಿಮುರು ಚಿಕ್ಕಮಗಳೂರಿನ 1,930 ಮೀಟರಿನ ಮುಳ್ಳಯ್ಯನಗಿರಿಗಿಂತಲೂ ಎತ್ತರದಲ್ಲಿದೆ.

ಬೈಕಿನ ಆಯ್ಕೆ ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು ಸ್ಮರಣೆಯ ಹಂತ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳೇ ಬೈಕುಗಳು, ಉಳಿದವು ವಾಹನಗಳು. ಒಂದೇ ಲಿವರಿನಲ್ಲಿ ಕಿಕ್ಕೂ ಹೊಡೆದು ಗೇರೂ ಹಾಕುತ್ತಿದ್ದ ಬಗೆಯನ್ನು ಈ ಹಂತದಲ್ಲಿ ಕುರ್ಚಿಯಿಂದ ಎದ್ದು ನಿಂತು ತೋರಿಸಲಾಗುತ್ತದೆ. ಎರಡನೆಯದು ವೈಭವದ ಹಂತ. ಬಿಎಂಡಬ್ಲ್ಯು ಆರ್ 1250 ಜಿಎಸ್ ಮನಸ್ಸನ್ನು ಆವರಿಸುತ್ತದೆ. ಅದರ ತೂಕ 249 ಕಿಲೋ ಎಂದು ತಿಳಿದ ಹೆಂಡತಿ "ಬಿದ್ರೆ ಎತ್ತೋರು ಯಾರ್ರೀ?" ಎಂದು ಕೇಳುವುದರೊಂದಿಗೆ ಈ ಹಂತ ಮುಗಿಯುತ್ತದೆ. ಮೂರನೆಯದು ವಿವೇಕದ ಹಂತ: 2023ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಟ್ಯಾಂಕಿಗೆ 17 ಲೀಟರ್ ಹಿಡಿಯುತ್ತದೆ, ದುರ್ಗಮ ದಾರಿಗೆಂದೇ ಮಾಡಿದ್ದು. ಆದರೆ ಸೀಟು ನೆಲದಿಂದ 825 ಮಿಲಿಮೀಟರ್. ಸವಾರನ ಕಾಲಿನ ಅಳತೆ ಮನೆಯ ಗುಟ್ಟಾದ್ದರಿಂದ "ಬಿಡಿಭಾಗ ಸಿಗೋದು ಕಷ್ಟ" ಎಂಬ ಕಾರಣ ಕೊಟ್ಟು ಅದನ್ನು ಕೈಬಿಡಲಾಗುತ್ತದೆ.

ನಾಲ್ಕನೆಯ ಹಂತದಲ್ಲಿ ಎಲ್ಲ ಲೆಕ್ಕಾಚಾರವೂ ಬಜಾಜ್ ಬಾಕ್ಸರಿನ ಕಡೆಗೇ ಬೆರಳು ತೋರಿಸುತ್ತದೆ. ಬೆಲೆ ಕಡಿಮೆ, ಪೆಟ್ರೋಲ್ ಕಡಿಮೆ, ಯಾವ ಹಳ್ಳಿಯಲ್ಲಿ ಕೆಟ್ಟರೂ ರಿಪೇರಿಗೆ ಒಬ್ಬ ಫಂಡಿ ಸಿಗುತ್ತಾನೆ, ಬಿಡಿಭಾಗಗಳಿಗೆ ಕಿರಿನ್ಯಾಗಾ ರಸ್ತೆಯಿದೆ. ಇರುವ ದೋಷ ಒಂದೇ: ಬೈಕ್ ಟ್ಯಾಕ್ಸಿ ನಡೆಸುವ ಬೋಡಾಬೋಡಾದವರು ಓಡಿಸುವುದು ಅದನ್ನೇ. ಮ್ಯಾನೇಜರು ಅದೇ ಬೈಕಿನಲ್ಲಿ ಸಿಗ್ನಲ್ಲಿಗೆ ಬಂದು ನಿಂತರೆ ಯಾರಾದರೂ ಹಿಂದೆ ಹತ್ತಿ ಕುಳಿತು "ವೆಸ್ಟ್‌ಲ್ಯಾಂಡ್ಸ್" ಎನ್ನಬಹುದು.

ಎಂಜಿನ್ನಿನ ಚರ್ಚೆಯಲ್ಲಿ ಸವಾರನು ನಿಜಕ್ಕೂ ಪಂಡಿತ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಸಾವಿರ ಮೀಟರಿಗೆ ಎಂಜಿನ್ನಿನ ಶಕ್ತಿ ಸುಮಾರು ಶೇಕಡ 10ರಷ್ಟು ಕುಗ್ಗುತ್ತದೆ, ಕಾರ್ಬುರೇಟರಿಗೆ ಚಿಕ್ಕ ಜೆಟ್ ಹಾಕಬೇಕಾಗುತ್ತದೆ, ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಅದು ತಾನೇ ಹೊಂದಿಸಿಕೊಳ್ಳುತ್ತದೆ; ಇಷ್ಟನ್ನೂ ಡೈಮಂಡ್ ಪ್ಲಾಜಾದಲ್ಲಿ ಒಂದು ಚಹಾ ಮುಗಿಯುವುದರೊಳಗೆ ವಿವರಿಸಬಲ್ಲ.

ಮಾರ್ಗಗಳು ಮೂರು. ಮೊದಲನೆಯದು ಲಿಮುರು ದಾಟಿ, ಎರಡನೇ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳು ಕಡಿದ ಘಾಟಿಯಲ್ಲಿ ಇಳಿದು, ಅವರೇ ಕಟ್ಟಿದ ಪುಟ್ಟ ಚರ್ಚನ್ನು ಹಾದು ನೈವಾಷಾಕ್ಕೆ. ಎರಡನೆಯದು ಭೂಮಧ್ಯರೇಖೆಯ ಮೇಲಿನ ನನ್ಯೂಕಿಗೆ. ಮೂರನೆಯದು ಇಸಿಯೋಲೊ, ಮಾರ್ಸಬಿಟ್ ಮೂಲಕ ಇಥಿಯೋಪಿಯಾದ ಗಡಿ ಮೊಯಾಲೆಗೆ. ಇಸಿಯೋಲೊದಿಂದಾಚೆಗೇ ಸುಮಾರು 500 ಕಿಲೋಮೀಟರ್. ಈ ಮೂರನೆಯದನ್ನು ಹೊಸ ಅತಿಥಿಗಳ ಎದುರು ಮಾತ್ರ ಪ್ರಸ್ತಾಪಿಸಲಾಗುತ್ತದೆ. ಹೊರಡುವ ದಿನ ಮಾತ್ರ ಎಂದೂ ನಿಗದಿಯಾಗುವುದಿಲ್ಲ. ಕೆನ್ಯಾದಲ್ಲಿ ಪೆಟ್ರೋಲಿನ ಹೊಸ ದರ ಪ್ರತಿ ತಿಂಗಳ 14ರಂದು ಪ್ರಕಟವಾಗುವುದರಿಂದ 14ರವರೆಗೆ ಕಾಯುವುದು ಜಾಣತನ. ದರ ಏರಿದರೆ ಮುಂದಿನ 14ರವರೆಗೆ.

ಸಲಕರಣೆಗಳ ವಿಷಯದಲ್ಲಿ ವಿಳಂಬವಿಲ್ಲ. ಸವಾರನಿಗೂ ಹಿಂದೆ ಕೂರುವವರಿಗೂ ಹೆಲ್ಮೆಟ್, ಹೊಳೆಯುವ ಜಾಕೆಟ್ ಕಡ್ಡಾಯವೆಂದು ಕೆನ್ಯಾದ ಕಾನೂನು ಹೇಳುವುದರಿಂದ ಎರಡೆರಡು ಕೊಳ್ಳಲಾಗಿದೆ. ಮೊಣಕಾಲಿನ ಕವಚ, ಚರ್ಮದ ಕೈಗವಸು ಬಂದಿವೆ. ಅತ್ತೆ ಕಳಿಸಿದ ಮಂಕಿ ಕ್ಯಾಪ್ ಹೆಲ್ಮೆಟ್ಟಿನ ಒಳಗೆ ಸರಿಯಾಗಿ ಕೂರುತ್ತದೆಯೆಂದು ಕನ್ನಡಿಯ ಮುಂದೆ ಪರೀಕ್ಷಿಸಿಯೂ ಆಗಿದೆ.

ಇವನು ಬೈಕನ್ನೇ ಹತ್ತುವುದಿಲ್ಲ ಎನ್ನುವುದು ತಪ್ಪು ಕಲ್ಪನೆ. ಟ್ರಾಫಿಕ್ ಹೆಚ್ಚಿದ ದಿನ ಬೋಡಾಬೋಡಾದ ಹಿಂದಿನ ಸೀಟಿನಲ್ಲಿ ಕುಳಿತು ಕಚೇರಿಗೆ ಹೋಗುತ್ತಾನೆ, ದಾರಿಯುದ್ದಕ್ಕೂ ಗೇರು ಬದಲಿಸುವ ಬಗ್ಗೆ ಸಲಹೆ ಕೊಡುತ್ತಾನೆ. ಮುಂದಿರುವವನು ದಪ್ಪ ಕೋಟು, ಗಂಬೂಟು ತೊಟ್ಟು, ಜುಲೈಯ ಚಳಿಯಲ್ಲಿ ಇಡೀ ದಿನ ಗ್ಯಾಸ್ ಸಿಲಿಂಡರು, ಹಾಸಿಗೆ, ಶಾಲೆಯ ಮಕ್ಕಳನ್ನು ಸಾಗಿಸುವವನು. "ಸಾವಾ, ಬಾಸ್" ಎಂದು ಒಪ್ಪಿಕೊಂಡು ತನಗೆ ತೋಚಿದ ಗೇರಿನಲ್ಲೇ ಹೋಗುತ್ತಾನೆ.

ಕೊನೆಗೆ ಆಗಸ್ಟ್ ರಜೆಯಲ್ಲಿ ಪ್ರವಾಸ ನಡೆಯುತ್ತದೆ: ಮೊದಲನೆಯ ಮಾರ್ಗದಲ್ಲೇ, ಕಾರಿನಲ್ಲಿ, ಪುಳಿಯೋಗರೆಯ ಡಬ್ಬಿಯೊಂದಿಗೆ. ರಿಫ್ಟ್ ಕಣಿವೆ ಕಾಣುವ ತಿರುವಿನಲ್ಲಿ ಮನೆಯವರು ಕಣಿವೆ ನೋಡುತ್ತಾರೆ. ಸವಾರನು ಅಲ್ಲಿ ನಿಂತ ಬೈಕುಗಳನ್ನು ಸುತ್ತು ಹಾಕಿ, ಮಾಲೀಕರನ್ನು ಮೈಲೇಜು ವಿಚಾರಿಸಿ, ಪ್ರತಿಯೊಂದಕ್ಕೂ ಒಂದೊಂದು ಐಬು ಕಂಡುಹಿಡಿದು ತೃಪ್ತನಾಗಿ ಮರಳುತ್ತಾನೆ. ಸೆಪ್ಟೆಂಬರ್‌ನಲ್ಲಿ ಬಿಸಿಲು ಏರುತ್ತಿದ್ದಂತೆ ಚಿಕ್ಕಮಗಳೂರಿನ ಹೋಮ್‌ಸ್ಟೇಗಳ ದರ ವಿಚಾರಣೆ ಆರಂಭವಾಗುತ್ತದೆ.